ಒಂದು ವೈರು ಉಳಿಸಿದ ಜಾಣರು

ಸ್ವಿಚ್ಚು ಒತ್ತಿದರೆ ಬೇಕಾದ್ದು ಮಾತ್ರ ಹತ್ತಬೇಕು. ಇಷ್ಟು ಕೇಳೋದು ದುರಾಸೆಯಾ? ಬೆಂಗಳೂರಿನ ಎಷ್ಟೋ ಹೊಸ ಫ್ಲ್ಯಾಟುಗಳನ್ನು ನೋಡಿದರೆ ದುರಾಸೆ ಅಂತಲೇ ಅನಿಸುತ್ತೆ. ಲೈಟ್ ಇರುವ ಚಂದದ ಸೀಲಿಂಗ್ ಫ್ಯಾನ್ ತಂದು ತೂಗುಹಾಕ್ತೀವಿ, ಗೋಡೆಯಲ್ಲಿ ಅದಕ್ಕಿರೋದು ಒಂದೇ ಸ್ವಿಚ್ಚು. ಗಾಳಿ ಬೇಕಾದರೆ ಬೆಳಕನ್ನೂ ತಗೋ, ಕತ್ತಲೆ ಬೇಕಾದರೆ ಸೆಕೆಯನ್ನೂ ತಗೋ! 1905ರಲ್ಲೇ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹಚ್ಚಿದ ಊರು ಸ್ವಾಮಿ ಇದು.

ನಮ್ಮ ಹಳ್ಳಿಮನೆಯ ಮರದ ಬೋರ್ಡಿನಲ್ಲಿ ಕರೀ ಗುಂಡು ಸ್ವಿಚ್ಚುಗಳು ಸಾಲಾಗಿ ಕೂತಿದ್ದವು. ಕೊಟ್ಟಿಗೆ ಬಲ್ಬಿಗೊಂದು, ಪಡಸಾಲೆ ಬಲ್ಬಿಗೊಂದು, ಫ್ಯಾನಿಗೊಂದು. ಕರೆಂಟೇ ಇರ್ತಿರಲಿಲ್ಲ, ಅದು ಬೇರೆ ಮಾತು. ಬಂದಾಗ ಮಾತ್ರ ಯಾವುದು ಬೇಕೋ ಅದೇ ಹತ್ತುತ್ತಿತ್ತು.

ಲೆಕ್ಕ ಸರಳ. ಸ್ವಿಚ್ ಬೋರ್ಡಿನಿಂದ ಫ್ಯಾನಿಗೊಂದು ಫೇಸ್, ಲೈಟಿಗೆ ಇನ್ನೊಂದು, ಎರಡಕ್ಕೂ ಸೇರಿ ಒಂದು ನ್ಯೂಟ್ರಲ್, ಫ್ಯಾನಿನ ಮೈಗೆ ಒಂದು ಅರ್ಥ್. ಒಟ್ಟು ನಾಲ್ಕು ವೈರು. ರೆಗ್ಯುಲೇಟರ್ ಫ್ಯಾನಿನ ದಾರಿಯಲ್ಲಿ ಮಾತ್ರ ಇರಬೇಕು. ಲೈಟೂ ಅದೇ ದಾರಿಯಲ್ಲಿದ್ದರೆ ಸ್ಪೀಡು ಇಳಿಸಿದಾಗ ಎಲ್‌ಇಡಿ ಮಿಣುಕೋಕೆ ಶುರು ಮಾಡುತ್ತೆ. ಇಷ್ಟು ಗೊತ್ತಿದ್ದೂ ಬಿಲ್ಡರ್ ಎಳೆಸೋದು ಮೂರೇ. ಕೋಟಿ ರೂಪಾಯಿ ಮನೆಯಲ್ಲಿ ಉಳಿಸಿದ್ದು ಕೆಲವೇ ಮೀಟರ್ ತಂತಿ!

"ರಿಮೋಟ್ ಇದೆಯಲ್ಲ ಸರ್, ಆ್ಯಪ್ ಇದೆಯಲ್ಲ" ಅಂತಾರೆ. ನನಗೆ ಅನ್ನ ಹಾಕ್ತಿರೋದೇ ಸಾಫ್ಟ್‌ವೇರು, ಆದರೂ ಹೇಳ್ತೀನಿ: ವೈರಿನಲ್ಲಿ ಮುಗಿಯೋ ಕೆಲಸಕ್ಕೆ ಆ್ಯಪ್ ಬೇಡ. ರಿಮೋಟಿನ ಸೆಲ್ ಸತ್ತ ರಾತ್ರಿ ಊರಿಂದ ಬಂದ ಅಜ್ಜಿ ಕತ್ತಲಲ್ಲಿ ಗೋಡೆ ತಡಕಬೇಕಾ, ಪ್ಲೇ ಸ್ಟೋರ್ ತಡಕಬೇಕಾ?

ಇದಕ್ಕಿಂತ ಕೆಟ್ಟ ಇನ್ನೊಂದು ಜಾಣತನ ಇದೆ. ಅರ್ಥ್‌ಗೆ ಅಂತ ಎಳೆದ ಹಸಿರು ವೈರನ್ನೇ ಲೈಟಿನ ಫೇಸ್ ಮಾಡಿಬಿಡೋದು. ಲೈಟೂ ಬೇರೆ, ಫ್ಯಾನೂ ಬೇರೆ, ಎಲ್ಲರೂ ಖುಷಿ. ಆದರೆ ಈಗ ಫ್ಯಾನಿನ ಮೈಗೆ ಅರ್ಥ್ ಇಲ್ಲ. ನಾಳೆ ಒಳಗಿನ ವೈಂಡಿಂಗ್ ಕೆಟ್ಟು ಮೈಗೆ ತಾಗಿದರೆ 230 ವೋಲ್ಟ್ ಅಲ್ಲೇ ಕಾಯ್ತಾ ಕೂರುತ್ತೆ. ಐದು ವರ್ಷದ ಮೇಲೆ ಬರುವ ಇನ್ನೊಬ್ಬ ಎಲೆಕ್ಟ್ರಿಷಿಯನ್ ಹಸಿರು ಕಂಡು ಅರ್ಥ್ ಅಂದುಕೊಂಡು ಅದನ್ನು ಫ್ಯಾನಿನ ಮೈಗೇ ಕಟ್ತಾನೆ. ಯಾರೋ ಲೈಟಿನ ಸ್ವಿಚ್ಚು ಒತ್ತುತ್ತಾರೆ. ಕೋಡಿನಲ್ಲಿ ಹೀಗೆ ಹೆಸರೊಂದು ಕೆಲಸವೊಂದು ಮಾಡಿದರೆ ರಿವ್ಯೂನಲ್ಲಿ ಬೈಸಿಕೊಳ್ತೀವಿ. ಇಲ್ಲಿ ಏಣಿ ಮೇಲಿಂದ ಮನುಷ್ಯ ಬೀಳ್ತಾನೆ.

ಎಲೆಕ್ಟ್ರಿಷಿಯನ್ ಒಬ್ಬನನ್ನೇ ಬೈಯ್ಯೋದು ನ್ಯಾಯ ಅಲ್ಲ. "ಅರ್ಧ ಗಂಟೇಲಿ ಮುಗಿಸಪ್ಪ, ಇನ್ನೂರು ತಗೋ" ಅಂತ ಚೌಕಾಸಿ ಮಾಡುವವರಿಗೆ ಅರ್ಧ ಗಂಟೆಯ ಕೆಲಸವೇ ಸಿಗೋದು. ಮೇನ್ ಆಫ್ ಮಾಡಿಸಿ, ಪೈಪಿನೊಳಗಿನ ಹಳೇ ವೈರಿನ ತುದಿಗೆ ಹೊಸ ವೈರುಗಳನ್ನು ಕಟ್ಟಿ ಎಳೆಸಿದರೆ ನಾಲ್ಕೂ ಬರುತ್ತವೆ. ಅದಕ್ಕೆ ಅರ್ಧ ದಿನವೇ ಹಿಡಿಯಲಿ, ಪರ್ಮಿಟ್ ಇರುವ ವೈರ್‌ಮನ್ ಕರೆಸಿ, ಕೇಳಿದ ಕೂಲಿ ಕೊಡಿ. ಪೈಪು ಕಟ್ಟಿಕೊಂಡಿದ್ದರೆ ರಿಮೋಟ್ ಇರಲಿ ಬಿಡಿ, ಹಸಿರು ವೈರಿನ ತಂಟೆಗೆ ಮಾತ್ರ ಹೋಗಬೇಡಿ.

ಫ್ಲ್ಯಾಟ್ ನೋಡೋಕೆ ಹೋದಾಗ ಈಜುಕೊಳ, ಜಿಮ್ಮು ತೋರಿಸ್ತಾರೆ. ನೋಡಿ, ಬೇಡ ಅನ್ನಲ್ಲ. ಆಮೇಲೆ ಬೆಡ್‌ರೂಮಿನ ಸೂರಿನ ಕಡೆ ಬೆರಳು ತೋರಿಸಿ ಒಂದೇ ಪ್ರಶ್ನೆ ಕೇಳಿ: "ಇಲ್ಲಿಗೆ ಎಷ್ಟು ವೈರು ಬಂದಿದೆ?" ಮೂರು ಅಂದರೆ, ನಾಲ್ಕನೆಯದು ಎಳೆಸಿದ ಮೇಲೇ ಚೆಕ್ಕಿಗೆ ಸಹಿ ಹಾಕಿ.