ಕಡಲ ಪಾಠಶಾಲೆ

1956ರ ಜುಲೈ ತಿಂಗಳಿನಲ್ಲಿ 20 ಹಾಯಿಹಡಗುಗಳು ಇಂಗ್ಲೆಂಡಿನ ಟಾರ್‌ಬೇಯಿಂದ ಪೋರ್ಚುಗಲ್ಲಿನ ಲಿಸ್ಬನ್ ನಗರದವರೆಗೆ ಪಂದ್ಯ ಹೂಡಿದುವು. ಉಗಿಯಂತ್ರದ ಮುಂದೆ ಸೋತು ಅಳಿಯುತ್ತಿದ್ದ ಮಹಾನೌಕೆಗಳಿಗೆ ಅದು ವಿದಾಯದ ಕೂಟವೆಂದೇ ಜನ ಬಗೆದಿದ್ದರು. ನೌಕಾವಿದ್ಯಾರ್ಥಿಗಳು ನಡೆಸಿದ ‘ಮೊಯಾನಾ’ ಅಂದು ಜಯ ಗಳಿಸಿತು. ಊರಿಗೆ ಮರಳುವಾಗ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದೃಷ್ಟವಶಾತ್ ಸರಕಿನ ಹಡಗೊಂದು ಧಾವಿಸಿ ಬಂದು ಎಲ್ಲರ ಪ್ರಾಣವನ್ನೂ ಉಳಿಸಿತು.

ಇಷ್ಟಾದರೂ ಪಂದ್ಯದ ಪರಂಪರೆ ನಿಲ್ಲಲಿಲ್ಲ. ಇಂದಿಗೂ ಬೇಸಗೆಯಲ್ಲಿ ನಡೆಯುತ್ತಿದೆ. ಪ್ರತಿ ಹಡಗಿನಲ್ಲಿಯೂ ಅರ್ಧದಷ್ಟಾದರೂ ಮಂದಿ 15ರಿಂದ 25 ವರ್ಷದೊಳಗಿನವರಿರಬೇಕೆಂಬುದು ನಿಯಮ. ಕಡಲನ್ನೇ ಅರಿಯದ ತರುಣ ತರುಣಿಯರು ಕೂವೆಮರವನ್ನೇರಿ ಹಾಯಿ ಬಿಚ್ಚುತ್ತಾರೆ, ನಡುರಾತ್ರಿಯಲ್ಲಿ ಚುಕ್ಕಾಣಿ ಹಿಡಿಯುತ್ತಾರೆ.

ಇಲ್ಲಿನ ಹಿರಿಯ ಗೌರವ ಮೊದಲು ಗುರಿ ಮುಟ್ಟಿದವರಿಗಲ್ಲ, ದೇಶದೇಶಗಳ ನಡುವೆ ಸ್ನೇಹ ಬೆಳೆಸಿದ ಹಡಗಿಗೆ. ಶೀತಲ ಸಮರದ ನಡುವೆಯೇ, 1974ರಲ್ಲಿ, ಸೋವಿಯತ್ ನೌಕೆ ‘ಕ್ರುಜೆನ್‌ಶ್ಟೆರ್ನ್’ ಅದನ್ನು ಪಡೆಯಿತು. ಗೋವೆಯಲ್ಲಿ ನಿರ್ಮಾಣಗೊಂಡು 1997ರಲ್ಲಿ ಭಾರತದ ನೌಕಾಪಡೆಯನ್ನು ಸೇರಿದ ‘ತರಂಗಿಣಿ’ಯೂ ಈ ಪಂದ್ಯಗಳಲ್ಲಿ ಪಾಲ್ಗೊಂಡಿದೆ. ವಿದಾಯಕ್ಕೆಂದು ಬಿಚ್ಚಿದ ಹಾಯಿಗಳು ಇನ್ನೂ ಮಡಿಚಿಲ್ಲ.