ಗೇರು ಹಾಕಿದಾಗ ಝಟಕಾ ಹೊಡೆದರೆ



ಕ್ಲಚ್ಚಿನ ಕಾಟ ಬೇಡವೆಂದು ಹಳೇ ಆಟೋಮ್ಯಾಟಿಕ್ ಕಾರು ಕೊಂಡಿದ್ದೀರಾ? ‘ಡಿ’ಗೆ ಹಾಕಿದೊಡನೆ ಧಡ್ ಎಂದು ಝಟಕಾ ಹೊಡೆಯುತ್ತದೆಯೇ? ಅಂಗಳದಲ್ಲಿ ಮಕ್ಕಳಾಡುವ ಮನೆಯಲ್ಲಿ ಇದನ್ನು ಹಾಗೇ ಬಿಡಬಾರದು. ಹಾಗಂತ ಗೇರ್‌ಬಾಕ್ಸ್ ಬಿಚ್ಚಿಸುವ ಅವಸರವೂ ಬೇಡ್ರಿ, ಅದು ದೊಡ್ಡ ಖರ್ಚು.

ಮೊದಲು ಎಂಜಿನ್ನಿನ ವೇಗ ನೋಡಿ. ಬೆಳಿಗ್ಗೆ ಚಾಲೂ ಮಾಡಿದಾಗ ಅದು ಜೋರಾಗಿ ತಿರುಗುತ್ತದೆ. ಮುಳ್ಳು 1,000ದ ಕೆಳಗಿಳಿದ ಮೇಲೆ, ಬ್ರೇಕು ಒತ್ತಿಕೊಂಡೇ ಗೇರು ಹಾಕಿ. ಬಿಸಿಯಾದರೂ ಮುಳ್ಳು ಇಳಿಯದಿದ್ದರೆ ಐಡ್ಲಿಂಗ್ ಸರಿಮಾಡಿಸಿ.

ಎರಡನೆಯದು ಗೇರ್‌ಬಾಕ್ಸಿನ ಎಣ್ಣೆ. ಹೊಸದು ಸಾಮಾನ್ಯವಾಗಿ ಕೆಂಪಗಿರುತ್ತದೆ. ಕರಿದು ಕರಿದು ಕೆಟ್ಟ ಬಾಣಲೆಯ ಎಣ್ಣೆಯಂತೆ ಕಪ್ಪಾಗಿ, ಸೀದ ವಾಸನೆ ಬಂದರೆ ಗ್ಯಾರೇಜಿಗೆ ತೋರಿಸಿ. ಎಣ್ಣೆ ಕಡಿಮೆಯಿದ್ದರೆ ಎಲ್ಲಿ ಸೋರುತ್ತಿದೆಯೆಂದು ಹುಡುಕಿಸಿ. ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ.

ಮೂರನೆಯದು ಎಂಜಿನ್ ಕೂತಿರುವ ಮೌಂಟಿಂಗ್ ರಬ್ಬರು. ಅದು ಹರಿದಿದ್ದರೆ ‘ಡಿ’, ‘ಆರ್’ ಎರಡಕ್ಕೂ ಧಡ್ ಅನ್ನುತ್ತದೆ.

2014ರಲ್ಲಿ ಸೆಲೆರಿಯೊದೊಂದಿಗೆ ಬಂದ ಎಎಂಟಿ ಬಗೆಯ ಕಾರುಗಳಲ್ಲಿ ಒಳಗೆ ಕ್ಲಚ್ ಪ್ಲೇಟೇ ಇದೆ; ಅದನ್ನೂ ನೋಡಿಸಬೇಕು.

ಶಿಗ್ಗಾಂವಿ, ಸವಣೂರಿನವರಿಗೆ ಹುಬ್ಬಳ್ಳಿ ಹತ್ತಿರ. ಹಾನಗಲ್ಲು, ಹಿರೇಕೆರೂರಿನವರಿಗೆ ದೂರ. ಝಟಕಾ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಯಾವ ಗೇರಿಗೋ ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಆಗ ‘ಹೆಣ್ಣುಮಕ್ಕಳಿಗೇನು ತಿಳೀತದ’ ಎಂದು ಯಾರೂ ಅನ್ನಲಾರರು.