ಒಂದು ಕೋಣೆಗೆ ಬೇಸಿಗೆ, ಒಂದು ಕೋಣೆಗೆ ಮಾಗಿ

ಡಿಸೆಂಬರು ಕಾಲಿಟ್ಟಿತೆಂದರೆ ನ್ಯೂಯಾರ್ಕ್ ನಗರದ ಹಳೆಯ ಮನೆಗಳಲ್ಲಿ ಒಂದು ವಿಚಿತ್ರ ಕಾಣಬರುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗಲೇ ಒಂದು ಕೋಣೆಯವರು ಸೆಕೆ ತಾಳಲಾರದೆ ಕಿಟಕಿ ತೆರೆದಿಡುತ್ತಾರೆ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ವೃದ್ಧರು ಎರಡೆರಡು ಕಂಬಳಿ ಹೊದ್ದು ನಡುಗುತ್ತಾರೆ. ಬಾಯ್ಲರು ಒಂದೇ, ಉರಿ ಒಂದೇ, ತೆರುವ ಹಣವೂ ಒಂದೇ. ಶಾಖವನ್ನು ಬಡಿಸುವುದರಲ್ಲಿ ಮಾತ್ರ ಪಂಕ್ತಿಭೇದ! ಬೆಂಗಳೂರು, ಮೈಸೂರುಗಳಿಂದ ಹೋಗಿ ಇಂತಹ ಮನೆಯಲ್ಲಿ ಸಂಸಾರ ಹೂಡಿದವರಿಗೆ ಮೊದಲನೆಯ ಚಳಿಗಾಲ ಒಂದು ಒಗಟಾಗಿಯೇ ತೋರುತ್ತದೆ.

ಇದು ಕೇವಲ ಸೌಖ್ಯದ ಪ್ರಶ್ನೆಯಲ್ಲ. ತಣ್ಣಗಿರುವ ಕೋಣೆಯವರು ಬೇರೆ ದಾರಿ ಕಾಣದೆ ಅಡಿಗೆಯ ಗ್ಯಾಸ್ ಒಲೆಯನ್ನೋ ವಿದ್ಯುತ್ ಹೀಟರನ್ನೋ ಹಗಲಿರುಳೂ ಉರಿಸತೊಡಗುತ್ತಾರೆ. ಮೊದಲನೆಯದರಿಂದ ವಿಷವಾಯುವಿನ ಭಯ, ಎರಡನೆಯದರಿಂದ ಬೆಂಕಿಯ ಭಯ. 2022ರ ಜನವರಿ 9ರಂದು ಆ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿ ಸೌಧದಲ್ಲಿ ಇಂತಹ ವಿದ್ಯುತ್ ಹೀಟರಿನಿಂದ ಹುಟ್ಟಿದ ಬೆಂಕಿ 17 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ 8 ಮಂದಿ ಮಕ್ಕಳು.

ಆವಿಯ ಸಂಚಾರ

ಏರ್ಪಾಡು ಸರಳವಾದುದು. ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರು ಕುದಿದು ಆವಿಯಾಗುತ್ತದೆ. ಆವಿ ಕೊಳವೆಗಳ ಮೂಲಕ ತಾನಾಗಿಯೇ ಮೇಲೇರಿ, ಕೋಣೆಕೋಣೆಯಲ್ಲಿಯೂ ಇರುವ ಎರಕದ ಕಬ್ಬಿಣದ ರೇಡಿಯೇಟರನ್ನು ಸೇರುತ್ತದೆ. ಅಲ್ಲಿ ತಂಪಾಗಿ ಮತ್ತೆ ನೀರಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು, ಎಂದರೆ ಗ್ರಾಮಿಗೆ ಸುಮಾರು 540 ಕ್ಯಾಲೊರಿಗಳಷ್ಟನ್ನು, ಕೋಣೆಗೆ ಒಪ್ಪಿಸುತ್ತದೆ. ಇಡ್ಲಿಯ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿಗೂಡುವ ನೀರನ್ನು ಕಂಡ ಗೃಹಿಣಿಗೆ ಇದು ಹೊಸ ಸಂಗತಿಯಲ್ಲ. ಹಳೆಯ ಮನೆಗಳಲ್ಲಿ ಬಹುಮಟ್ಟಿಗೆ ಒಂದೇ ಕೊಳವೆ. ಆವಿ ಮೇಲೇರುವುದೂ ಅದರಲ್ಲೇ, ನೀರು ಕೆಳಗಿಳಿಯುವುದೂ ಅದರಲ್ಲೇ.

ಆದರೆ ಬಾಯ್ಲರು ಆರಿದ್ದಾಗ ಕೊಳವೆಗಳು ಬರಿದಾಗಿರುವುದಿಲ್ಲ. ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿ ಹೊರಗೆ ಹೋಗದೆ ಆವಿ ಒಳಗೆ ಬಾರದು. ಇದಕ್ಕಾಗಿಯೇ ರೇಡಿಯೇಟರಿನ ಒಂದು ಪಕ್ಕದಲ್ಲಿ ಗಾಳಿ ಬಿಡುವ ಪುಟ್ಟ ವಾಲ್ವು ಇರುತ್ತದೆ. ಗಾಳಿಯನ್ನು ಅದು ಹೊರಬಿಡುತ್ತದೆ. ಆವಿ ತಾಕಿದೊಡನೆ ಅದರ ಒಳಭಾಗ ಕಾವಿಗೆ ಹಿಗ್ಗಿ ರಂಧ್ರವನ್ನು ಮುಚ್ಚುತ್ತದೆ. ಶಾಖದ ಪಂಕ್ತಿಭೇದಕ್ಕೆ ಮೂಲ ಬಹುತೇಕ ಈ ಗಾಳಿಯಲ್ಲಿಯೇ ಉಂಟು.

ಒಂದೇ ಕೋಣೆ ತಣ್ಣಗಿದ್ದರೆ

ಮೊದಲು ನೋಡತಕ್ಕದ್ದು ರೇಡಿಯೇಟರಿನ ಬುಡದ ವಾಲ್ವು. ಒಂದೇ ಕೊಳವೆಯ ಏರ್ಪಾಡಿನಲ್ಲಿ ಇದು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಶಾಖ ಕಡಿಮೆ ಮಾಡಲೆಂದು ಅರ್ಧ ತಿರುಗಿಸಿದರೆ, ಏರುವ ಆವಿಗೂ ಇಳಿಯುವ ನೀರಿಗೂ ಇಕ್ಕಟ್ಟಾಗಿ ನೀರು ಒಳಗೇ ನಿಲ್ಲುತ್ತದೆ. ನಡುರಾತ್ರಿಯಲ್ಲಿ ಸುತ್ತಿಗೆ ಬಡಿದಂತೆ ಸದ್ದು ಕೇಳಿಸುತ್ತದೆ.

ಎರಡನೆಯದು ಗಾಳಿಯ ವಾಲ್ವು. ಬಣ್ಣ ಬಳಿಯುವಾಗ ಇದರ ರಂಧ್ರಕ್ಕೂ ಬಣ್ಣ ಮೆತ್ತಿ ಮುಚ್ಚಿಹೋಗುವುದುಂಟು, ತುಕ್ಕಿನಿಂದಲೂ ಕಟ್ಟಿಕೊಳ್ಳುವುದುಂಟು. ಬಾಯ್ಲರನ್ನು ಆರಿಸಿ, ರೇಡಿಯೇಟರು ಪೂರ್ಣವಾಗಿ ತಣಿದ ಮೇಲೆ ಅದನ್ನು ಬಿಚ್ಚಿ ಊದಿ ನೋಡಬಹುದು. ಗಾಳಿ ಸಾಗದಿದ್ದರೆ ಹೊಸದನ್ನು ಹಾಕಿಸುವುದೇ ಲೇಸು, ಬೆಲೆ ಹೆಚ್ಚಿನದೇನಲ್ಲ. ಆವಿಯಿರುವಾಗ ಮಾತ್ರ ಎಂದಿಗೂ ಕೈ ಹಾಕಬಾರದು. ಕ್ಷಣಮಾತ್ರದಲ್ಲಿ ಮೈ ಬೇಯುವುದು.

ಮೂರನೆಯದು ಇಳಿಜಾರು. ರೇಡಿಯೇಟರು ಕೊಳವೆಯ ಕಡೆಗೆ ಸ್ವಲ್ಪ ವಾಲಿರಬೇಕು. ವರ್ಷಗಳ ಭಾರಕ್ಕೆ ನೆಲ ಕುಸಿದು ಅದು ಹಿಂದಕ್ಕೆ ವಾಲಿದ್ದರೆ ನೀರು ಮಡುಗಟ್ಟುತ್ತದೆ. ರಸಮಟ್ಟವನ್ನಿಟ್ಟು ಪರೀಕ್ಷಿಸಿ, ಆಚೆಯ ಕಾಲುಗಳ ಕೆಳಗೆ ತೆಳುವಾದ ಮರದ ಬಿಲ್ಲೆ ಕೊಟ್ಟರೆ ಸಾಕು.

ಮನೆಯ ಒಂದು ಪಾರ್ಶ್ವವೇ ತಣ್ಣಗಿದ್ದರೆ

ಆಗ ದೋಷವನ್ನು ನೆಲಮಾಳಿಗೆಯಲ್ಲಿ ಹುಡುಕಬೇಕು. ಮುಖ್ಯ ಕೊಳವೆಯ ಕೊನೆಯಲ್ಲಿಯೂ ಗಾಳಿ ಬಿಡುವ ದೊಡ್ಡ ವಾಲ್ವು ಇರುತ್ತದೆ. ಅದು ಕೆಟ್ಟರೆ ಅಷ್ಟೂ ಗಾಳಿ ಕೋಣೆಗಳ ಪುಟ್ಟ ವಾಲ್ವುಗಳಿಂದಲೇ ಹೊರಹೋಗಬೇಕು. ಹತ್ತಿರದ ಕೋಣೆ ಬೇಗ ಕಾಯುತ್ತದೆ. ಥರ್ಮೋಸ್ಟಾಟು ಅಲ್ಲಿಯೇ ಇದ್ದರೆ, ಇಡೀ ಮನೆಯೇ ಬೆಚ್ಚಗಾಯಿತೆಂದು ಬಗೆದು ಅದು ಬಾಯ್ಲರನ್ನು ನಿಲ್ಲಿಸುತ್ತದೆ. ದೂರದ ಕೋಣೆಗೆ ಆವಿ ತಲುಪಿಯೇ ಇರುವುದಿಲ್ಲ. ಮುಖ್ಯ ವಾಲ್ವನ್ನು ಸರಿಪಡಿಸಿ, ಹತ್ತಿರದ ಕೋಣೆಗೆ ನಿಧಾನವಾಗಿಯೂ ದೂರದ್ದಕ್ಕೆ ಬೇಗನೆಯೂ ಗಾಳಿ ಬಿಡುವ ವಾಲ್ವುಗಳನ್ನು ಜೋಡಿಸಿದರೆ ಸಮತೋಲ ಉಂಟಾಗುತ್ತದೆ.

ಇಲ್ಲಿ ಅನೇಕರು ಬಾಯ್ಲರಿನ ಒತ್ತಡವನ್ನೇ ಏರಿಸಿಬಿಡುತ್ತಾರೆ. ಇದು ತಪ್ಪು. ಸಾಮಾನ್ಯ ಮನೆಗೆ ಚದರ ಅಂಗುಲಕ್ಕೆ 2 ಪೌಂಡಿಗಿಂತ ಕಡಿಮೆ ಒತ್ತಡವೇ ಸಾಕು. ಹೆಚ್ಚಿಸಿದರೆ ಖರ್ಚಾಗುವುದು ಇಂಧನ, ಹಾಳಾಗುವುದು ವಾಲ್ವು. ಒತ್ತಡದ ಯಂತ್ರ, ನೀರಿನ ಮಟ್ಟ, ಉರಿ, ಇವೆಲ್ಲ ನುರಿತ ಕೆಲಸಗಾರನಿಗೆ ಸೇರಿದ ವಿಷಯಗಳು. ಕೊಳವೆಗಳಿಗೆ ಸುತ್ತಿದ ಹಳೆಯ ಹೊದಿಕೆಯಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಮನೆಯವರು ಅದನ್ನು ಕೀಳಬಾರದು.

ಅತಿಯಾಗಿ ಕಾಯುವ ಕೋಣೆಗೂ ಒಂದು ಚರಿತ್ರೆಯುಂಟು. 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ, ಕಿಟಕಿ ತೆರೆದಿದ್ದರೂ ಕೋಣೆ ಬೆಚ್ಚಗಿರಬೇಕೆಂದು ದೊಡ್ಡ ರೇಡಿಯೇಟರುಗಳನ್ನು ಇರಿಸಿದರು. ಕಿಟಕಿ ಮುಚ್ಚಿದ ಮೇಲೂ ಅವು ಹಾಗೆಯೇ ಉಳಿದುವು. ಅಂಥಲ್ಲಿ ಕೋಣೆಯ ಕಾವನ್ನರಿತು ಗಾಳಿಯನ್ನು ತಡೆಯುವ ವಾಲ್ವನ್ನು ಹಾಕಿಸಿದರೆ ಕಿಟಕಿ ತೆರೆಯುವ ಗೋಜಿಲ್ಲ.

ಬಾಡಿಗೆಯ ಮನೆಯವರು ಇದನ್ನೆಲ್ಲ ತಾವೇ ಹೊರಬೇಕಾಗಿಲ್ಲ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗಿನ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆಯಾದಾಗ ಒಳಗೆ 68 ಡಿಗ್ರಿಯನ್ನೂ, ರಾತ್ರಿ 10ರಿಂದ ಬೆಳಗಿನ 6ರವರೆಗೆ 62 ಡಿಗ್ರಿಯನ್ನೂ ಮನೆಯ ಮಾಲಿಕನು ಒದಗಿಸಲೇಬೇಕು. ಕೋಣೆಯಲ್ಲೊಂದು ಉಷ್ಣಮಾಪಕವನ್ನಿಟ್ಟು, ದಿನ, ವೇಳೆ, ಡಿಗ್ರಿಗಳನ್ನು ಬರೆದಿಟ್ಟವರ ದೂರಿಗೆ ಬಲವುಂಟು. ಸ್ವಂತ ಮನೆಯವರಾದರೋ ಸೆಪ್ಟೆಂಬರಿನಲ್ಲಿಯೇ ಕೆಲಸಗಾರನನ್ನು ಕರೆಸುವುದು ಜಾಣತನ. ಹಿಮ ಬಿದ್ದ ಮೇಲೆ ಅವನು ಎಲ್ಲರಿಗೂ ಬೇಕಾದವನು.